ಚೀನಾದ ವುಡಾಂಗ್ ಬೆಟ್ಟದ ತುದಿಯಲ್ಲಿರುವ ಚಿನ್ನದ ಗುಡಿಯನ್ನು ಒಂದೇ ದಿನದಲ್ಲಿ ನೋಡಿ ಬರಬಹುದೇ? ಮೆಟ್ಟಿಲು ಹತ್ತುವುದೋ, ಕೇಬಲ್ ಕಾರೋ?

"ಬೆಳಗಿನ ರೈಲಿಗೆ ವುಹಾನ್ ಬಿಟ್ಟು, ಗುಡಿ ನೋಡಿಕೊಂಡು, ರಾತ್ರಿಯ ರೈಲಿಗೆ ವಾಪಸ್" ಎಂದು ಬರೆದಿದ್ದೀರಿ. ಓದಿ ನಗು ಬಂತು, ಕ್ಷಮಿಸಿ. ಎರಡು ವರ್ಷದ ಹಿಂದೆ ಇದೇ ಲೆಕ್ಕವನ್ನು ನಾನು ಚೀಟಿಯಲ್ಲಿ ಗಂಟೆ ನಿಮಿಷ ಸಮೇತ ಬರೆದುಕೊಂಡು ಹೋಗಿದ್ದೆ. ಗುಡಿಯನ್ನು ನೋಡದೆ ವಾಪಸ್ ಬಂದೆ.

ಕಂಪನಿಯ ಕೆಲಸದ ಮೇಲೆ ಮೂರು ತಿಂಗಳು ವುಹಾನ್‌ನಲ್ಲಿದ್ದೆ. ನವೆಂಬರ್ ತಿಂಗಳು, ಜಿಟಿಜಿಟಿ ಮಳೆ. ವುಡಾಂಗ್‌ಶಾನ್ ಪಶ್ಚಿಮ ನಿಲ್ದಾಣದಲ್ಲಿ ಇಳಿದು, ಟ್ಯಾಕ್ಸಿ ಹಿಡಿದು ಬೆಟ್ಟದ ಹೆಬ್ಬಾಗಿಲಿಗೆ ಬರುವಷ್ಟರಲ್ಲಿ ಹನ್ನೊಂದು ಗಂಟೆ. ಶಿಖರದ ಎತ್ತರ 1,612 ಮೀಟರ್ ಎಂದು ಓದಿದ್ದೆ. ಮುಳ್ಳಯ್ಯನಗಿರಿಗಿಂತ ಕಡಿಮೆ, ಇದೇನು ಮಹಾ ಎಂದುಕೊಂಡೆ. ಮುಳ್ಳಯ್ಯನಗಿರಿಯಲ್ಲಿ ತುದಿಯ ಹತ್ತಿರದವರೆಗೂ ಜೀಪು ಹೋಗುತ್ತದೆ ಎಂಬುದು ಆಗ ನೆನಪಾಗಲಿಲ್ಲ.

ನನಗೆ ಮುಳುವಾದದ್ದು ಮೆಟ್ಟಿಲಲ್ಲ, ಪಾಸ್‌ಪೋರ್ಟ್. ಇದನ್ನು ಕೊಂಚ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ, ಏಕೆಂದರೆ ನೀವೂ ಇದನ್ನೇ ಮಾಡುವ ಸಾಧ್ಯತೆ ಇದೆ. ಟಿಕೆಟ್ ಕೌಂಟರಿನಲ್ಲಿ ಪಾಸ್‌ಪೋರ್ಟ್ ತೋರಿಸಿ ಟಿಕೆಟ್ ಪಡೆದೆ. ಅಲ್ಲೇ ಪಕ್ಕದಲ್ಲಿ ಸಾಮಾನು ಇಡುವ ಕೊಠಡಿ. ದೊಡ್ಡ ಚೀಲವನ್ನು ಅಲ್ಲಿ ಇಡುವಾಗ ಪಾಸ್‌ಪೋರ್ಟನ್ನೂ ಅದರ ಒಳಜೇಬಿಗೆ ಸೇರಿಸಿ ಜಿಪ್ ಎಳೆದುಬಿಟ್ಟೆ. ಕಾರಣ ಒಂದಲ್ಲ, ಮೂರು. ಮೊದಲನೆಯದು ಮಳೆ. ಎರಡನೆಯದು, ನನ್ನ ಸಹೋದ್ಯೋಗಿಯೊಬ್ಬರು ಮೆಟ್ರೋದಲ್ಲಿ ಪಾಸ್‌ಪೋರ್ಟ್ ಕಳೆದುಕೊಂಡು ಪೊಲೀಸ್ ಠಾಣೆಗೂ ದೂತಾವಾಸಕ್ಕೂ ಅಲೆದು ಸುಸ್ತಾಗಿದ್ದನ್ನು ಕಣ್ಣಾರೆ ಕಂಡಿದ್ದೆ. ಮೂರನೆಯದು, ಹೇಗೂ ಸಂಜೆಗೆ ಇಲ್ಲಿಗೇ ಬರುತ್ತೇನಲ್ಲ ಎಂಬ ಧೈರ್ಯ. ಮೊಬೈಲಿನಲ್ಲಿ ಪಾಸ್‌ಪೋರ್ಟಿನ ಮೊದಲ ಪುಟದ ಫೋಟೋ ಇತ್ತು. ವೀಸಾ ಪುಟದ್ದು ಇರಲಿಲ್ಲ, ಒಳಬಂದ ದಿನದ ಮುದ್ರೆಯದ್ದೂ ಇರಲಿಲ್ಲ. ಚೀನಾದಲ್ಲಿ ವಿದೇಶಿಯರು ಎಲ್ಲೇ ರಾತ್ರಿ ಕಳೆದರೂ ಆ ವಸತಿಗೃಹದವರು ವಿವರವನ್ನು ಪೊಲೀಸ್ ದಾಖಲೆಗೆ ಸೇರಿಸಲೇಬೇಕು. ಅದಕ್ಕೆ ಪಾಸ್‌ಪೋರ್ಟ್ ಎದುರಿಗೇ ಇರಬೇಕು. ಇದೆಲ್ಲ ನನಗೆ ಗೊತ್ತಿಲ್ಲದ ವಿಷಯವೇನೂ ಅಲ್ಲ, ವುಹಾನ್‌ನಲ್ಲಿ ಹತ್ತು ಸಲ ಮಾಡಿದ್ದೆ. ಬೆಟ್ಟದ ಮೇಲೆ ರಾತ್ರಿ ಕಳೆಯಬೇಕಾದೀತು ಎಂಬ ಯೋಚನೆಯೇ ಬರಲಿಲ್ಲ, ಅಷ್ಟೇ.

ಒಳಗೆ ಖಾಸಗಿ ವಾಹನ ಬಿಡುವುದಿಲ್ಲ, ಬೆಟ್ಟದ ಬಸ್ಸೇ ಗತಿ. ನೇರವಾಗಿ ಮೇಲಕ್ಕೆ ಹೋಗಿದ್ದರೆ ನನ್ನ ಚೀಟಿಯ ಲೆಕ್ಕ ಸರಿಹೋಗುತ್ತಿತ್ತೋ ಏನೋ. ಆದರೆ ದಾರಿಯಲ್ಲಿ ನೇರಳೆ ಮೋಡದ ಅರಮನೆ, ಅಂದರೆ ಝಿಶಿಯಾವ್ ಗೋಂಗ್, ಸಿಗುತ್ತದೆ. ಹಸಿರು ಹೆಂಚಿನ ಮಾಡು, ಅಂತಸ್ತು ಅಂತಸ್ತಾಗಿ ಏರುವ ಕಲ್ಲಿನ ಜಗಲಿಗಳು. ನೆತ್ತಿಯ ಮೇಲೆ ತುರುಬು ಕಟ್ಟಿ ಕಪ್ಪು ಟೋಪಿ ಇಟ್ಟ ತಾವೋ ಪಂಥದ ಸಾಧುಗಳು ಪಠಿಸುತ್ತಿದ್ದರು. ನಡುನಡುವೆ ತಾಳ, ಗಂಟೆ. ಅರ್ಥ ಒಂದಕ್ಷರವೂ ಆಗದಿದ್ದರೂ ಒಂದು ಗಂಟೆ ಅಲ್ಲೇ ಕುಳಿತೆ. ಆಮೇಲೆ ಬಸ್ಸಿನ ಕೊನೆಯ ನಿಲ್ದಾಣ ನಾನ್‌ಯಾನ್. ಬಂಡೆಯ ಹೊಟ್ಟೆಯಲ್ಲಿ ಕೊರೆದಂತೆ ಕಟ್ಟಿದ ಕಲ್ಲಿನ ಗುಡಿ, ಅದರ ಮುಂದೆ ಪ್ರಪಾತದ ಮೇಲೆ ಚಾಚಿದ ಕಲ್ಲಿನ ಡ್ರ್ಯಾಗನ್, ಅದರ ತಲೆಯ ಮೇಲೊಂದು ಧೂಪದ ಬಟ್ಟಲು. ಹಿಂದೆ ಭಕ್ತರು ಅದರ ಬೆನ್ನಿನ ಮೇಲೆ ತೆವಳಿಕೊಂಡು ಹೋಗಿ ಊದುಬತ್ತಿ ಹಚ್ಚುತ್ತಿದ್ದರಂತೆ. ಬಿದ್ದು ಸತ್ತವರು ಹೆಚ್ಚಾದ ಮೇಲೆ 17ನೆಯ ಶತಮಾನದಲ್ಲೇ ಅದನ್ನು ನಿಷೇಧಿಸಿದರು. ಈಗ ಬೇಲಿ ಇದೆ. ಅಲ್ಲೊಂದು ಗಂಟೆ ಹೋಯಿತು.

ನಾನ್‌ಯಾನ್‌ನಲ್ಲಿ ವಸತಿಗೃಹಗಳ ಸಾಲೇ ಇದೆ. ಅದರಲ್ಲೊಂದರ ಕೆಳಗೆ ನೂಡಲ್ಸ್ ತಿಂದೆ. ಅಂಗಡಿಯಾಕೆ ರೂಮು ಬೇಕೇ ಎಂದು ಸನ್ನೆಯಲ್ಲೇ ಕೇಳಿದರು. ಬಾಡಿಗೆ ಎಷ್ಟಿರಬಹುದೆಂಬ ಕುತೂಹಲಕ್ಕೆ ಕೇಳಿದರೆ, ಮೊದಲು "ಹುಝಾವ್" ಎಂದರು. ಪಾಸ್‌ಪೋರ್ಟ್. ಕೆಳಗಿದೆ ಎಂದು ಮೊಬೈಲಿನ ಫೋಟೋ ತೋರಿಸಿದೆ. ಇಲ್ಲ ಎಂದು ತಲೆಯಾಡಿಸಿ ನಗುತ್ತಾ ಒಳಗೆ ಹೋದರು. ನಾನೂ ನಕ್ಕೆ.

ಎರಡೂಕಾಲಿಗೆ ನಡಿಗೆ ಶುರು. ಯಾರೂ ಹೇಳದ ಒಂದು ಸಂಗತಿ: ನಾನ್‌ಯಾನ್‌ನಿಂದ ದಾರಿ ಮೊದಲು ಕೆಳಗಿಳಿಯುತ್ತದೆ. ಇಳಿದಷ್ಟನ್ನೂ ಮತ್ತೆ ಹತ್ತಬೇಕು. ಚಾವೊಥಿಯಾನ್ ಅರಮನೆಯ ಬಳಿ ದಾರಿ ಕವಲೊಡೆಯುತ್ತದೆ. ಹಳೆಯ, ಮಿಂಗ್ ಅರಸರ ಕಾಲದ ದಾರಿ ಮೂರು ಸ್ವರ್ಗದ್ವಾರಗಳನ್ನು ದಾಟಿಕೊಂಡು ಹೋಗುತ್ತದೆ. ನಾನು ಅದನ್ನೇ ಹಿಡಿದೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವನೆಂಬ ಜಂಬ ಮೊದಲನೆಯ ದ್ವಾರದಲ್ಲೇ ಇಳಿಯಿತು. ಒದ್ದೆ ಕಲ್ಲು, ಕಡಿದಾದ ಏರು, ಮಂಜು. ಕಾವಡಿಯ ಎರಡೂ ತುದಿಗೆ ಸಿಮೆಂಟ್ ಚೀಲ ತೂಗುಹಾಕಿಕೊಂಡ ಹಮಾಲಿಯೊಬ್ಬರು, ವಯಸ್ಸು ಅರವತ್ತಾದರೂ ಇರಬೇಕು, ನನ್ನನ್ನು ದಾಟಿ ಹೋದರು.

ಎರಡನೆಯ ದ್ವಾರ ಮುಟ್ಟಿದಾಗ ನಾಲ್ಕು ಗಂಟೆ ದಾಟಿತ್ತು. ಕುಳಿತು ಲೆಕ್ಕ ಹಾಕಿದೆ. ತುದಿಗೆ ಇನ್ನೂ ಒಂದು ಗಂಟೆ ಬೇಕು. ಅಷ್ಟರಲ್ಲಿ ಕೇಬಲ್ ಕಾರ್ ನಿಂತಿರುತ್ತದೆ. ಕತ್ತಲಲ್ಲಿ ಇದೇ ಮೆಟ್ಟಿಲು ಇಳಿದು ನಾನ್‌ಯಾನ್‌ಗೆ ಬಂದರೆ ಕೊನೆಯ ಬಸ್ ಹೋಗಿರುತ್ತದೆ. ಉಳಿಯಲು ಊರು ತುಂಬ ರೂಮುಗಳಿವೆ, ಹುಝಾವ್ ಇಲ್ಲ. ಪಾಸ್‌ಪೋರ್ಟ್ ಜೇಬಿನಲ್ಲಿದ್ದಿದ್ದರೆ ರೈಲು ಹಾಳಾಗಲಿ ಎಂದು ಹತ್ತಿಬಿಡುತ್ತಿದ್ದೆ. ಐದು ನಿಮಿಷ ದ್ವಾರದ ಕಲ್ಲುಗೋಡೆಯನ್ನೇ ನೋಡುತ್ತಾ ಕುಳಿತಿದ್ದು, ಇಳಿದೆ.

ಬಸ್ಸಿನಲ್ಲಿ ಕುಳಿತು ಕೆಳಗೆ ಹೋಗುವಾಗ ಮುಸ್ಸಂಜೆಯಲ್ಲಿ ಸೂಜಿ ಮಸೆದ ಬಾವಿಯ ಗುಡಿ ಕಾಣಿಸಿತು. ಈ ಬೆಟ್ಟದ ದೇವರು ಝೆನ್‌ವು ಮೊದಲು ರಾಜಕುಮಾರನಾಗಿದ್ದನಂತೆ. ತಪಸ್ಸು ಸಾಕಾಗಿ ಬೆಟ್ಟ ಇಳಿಯುತ್ತಿದ್ದಾಗ ಮುದುಕಿಯೊಬ್ಬಳು ಕಬ್ಬಿಣದ ಹಾರೆಯನ್ನು ಕಲ್ಲಿಗೆ ಉಜ್ಜುತ್ತಾ ಕುಳಿತಿದ್ದಳು. ಏನು ಮಾಡುತ್ತಿದ್ದೀಯೆ ಎಂದರೆ, ಸೂಜಿ ಮಾಡುತ್ತಿದ್ದೇನೆ ಎಂದಳಂತೆ. ಅವನು ನಾಚಿ ವಾಪಸ್ ಹತ್ತಿದ. ನನ್ನ ಬಸ್ ನಿಲ್ಲಲಿಲ್ಲ.

ಈಗ ನಿಮ್ಮ ಪ್ರಶ್ನೆ. ಮೆಟ್ಟಿಲೋ ಕೇಬಲ್ ಕಾರೋ ಎಂಬುದು ಆಮೇಲಿನ ಮಾತು. ರಾತ್ರಿ ಎಲ್ಲಿ ಮಲಗುತ್ತೀರಿ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಬೆಟ್ಟದ ಮೇಲೆ ಮಲಗುವುದಿಲ್ಲ ಎನ್ನುವುದಾದರೆ ವುಹಾನ್‌ನಲ್ಲೇ ಉಳಿದು ಹಳದಿ ಕೊಕ್ಕರೆಯ ಗೋಪುರ ನೋಡಿ, ಅದಕ್ಕೆ ಅರ್ಧ ದಿನ ಸಾಕು. ಕೇಬಲ್ ಕಾರಿನಲ್ಲಿ ಹೋಗಿ ಅದರಲ್ಲೇ ಬಂದರೆ ಒಂದು ದಿನದಲ್ಲಿ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಮಧ್ಯಾಹ್ನದ ಹೊತ್ತಿನಲ್ಲಿ ಆ ಗುಡಿಯ ಮುಂದೆ ಸೆಲ್ಫಿ ಕೋಲುಗಳ ಕಾಡು ಬೆಳೆದಿರುತ್ತದೆ.

ಏಪ್ರಿಲ್‌ನಲ್ಲಿ ಮತ್ತೆ ಹೋದೆ. ಅದೇ ಅಂಗಡಿಯಾಕೆಯ ಬಳಿ ಹೋಗಿ, ಅವರು ಬಾಯಿ ಬಿಡುವ ಮೊದಲೇ ಪಾಸ್‌ಪೋರ್ಟನ್ನು ಮೇಜಿನ ಮೇಲಿಟ್ಟೆ. ಅವರಿಗೆ ನನ್ನ ನೆನಪೇ ಇರಲಿಲ್ಲ. ನೋಂದಣಿಗೆ ಅರ್ಧ ಗಂಟೆ ಹಿಡಿಯಿತು, ಏಕೆಂದರೆ ನನ್ನ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ. ಇನಿಷಿಯಲ್ಲಿನವರು ನಾವೆಲ್ಲ ಇದಕ್ಕೆ ಸಿದ್ಧರಾಗಿರಬೇಕು. ಬೆಳಗ್ಗೆ ಬೆಳಕು ಹರಿಯುವ ಮೊದಲೇ ಹೊರಟೆ. ಮೂರೂ ದ್ವಾರ ದಾಟಿ, ಕೇಬಲ್ ಕಾರಿನ ಗುಂಪು ಬರುವ ಮುನ್ನ ಮೇಲಿದ್ದೆ. ತುದಿಯ ಆವರಣಕ್ಕೆ ಬೇರೆ ಟಿಕೆಟ್ ಇದೆ, ಚಿಲ್ಲರೆ ಮೊತ್ತ.

ಗುಡಿ ಚಿಕ್ಕದು. ಎತ್ತರ ಐದೂವರೆ ಮೀಟರ್, ಅಗಲ ನಾಲ್ಕೂವರೆಗೂ ಕಡಿಮೆ. ನಮ್ಮ ಕಡೆಯ ಗರ್ಭಗುಡಿಯ ಅಳತೆ. ದೂರಕ್ಕೆ ಮರದ ಕಟ್ಟಡ ಎನ್ನಿಸುತ್ತದೆ, ತೊಲೆ, ಜಂತಿ, ಹೆಂಚು ಎಲ್ಲವೂ ಹಾಗೇ ಇವೆ. ಹತ್ತಿರ ಹೋದರೆ ಅಷ್ಟೂ ಕಂಚು, ಮೇಲೆ ಚಿನ್ನದ ಲೇಪ. 1416ರದ್ದು. ಬೀಜಿಂಗ್‌ನಲ್ಲಿ ಭಾಗ ಭಾಗವಾಗಿ ಎರಕ ಹೊಯ್ದು, ದೋಣಿಗಳಲ್ಲಿ ತಂದು, ಈ ತುದಿಯಲ್ಲಿ ಜೋಡಿಸಿದರು. ಕಟ್ಟಿಸಿದವನು ಯೋಂಗ್ಲೆ ಚಕ್ರವರ್ತಿ. ನಮ್ಮ ಕರಾವಳಿಯ ಕೆಳಗಿನ ಕಲ್ಲಿಕೋಟೆಗೆ ನೌಕಾಪತಿ ಝೆಂಗ್ ಹೆಯ ಹಡಗುಗಳನ್ನು ಅಟ್ಟಿದವನೂ ಇವನೇ. 1402ರಲ್ಲಿ ಅಣ್ಣನ ಮಗನನ್ನು ಇಳಿಸಿ ಪಟ್ಟವೇರಿದ್ದ. ಉತ್ತರ ದಿಕ್ಕಿನ ದೇವರಾದ ಝೆನ್‌ವು ತನಗೆ ನೆರವಾದ ಎಂದು ಸಾರಿ, ಉಪಕಾರ ತೀರಿಸಲು ಬೆಟ್ಟದ ತುಂಬ ಗುಡಿ ಎಬ್ಬಿಸಿದ. ಒಳಗಿನ ಮೂರ್ತಿ ಬರಿಗಾಲಿನದು, ಕೂದಲು ಬಿಚ್ಚಿದೆ. ಒಳಗೆ ಬಿಡುವುದಿಲ್ಲ, ಹೊರಗಿನಿಂದಲೇ ದರ್ಶನ.

ನನಗೆ ಇದಕ್ಕಿಂತ ಹಿಡಿಸಿದ್ದು ಕೆಳಗಿನ ಇನ್ನೊಂದು ಪುಟ್ಟ ಕಂಚಿನ ಗುಡಿ. ಅದು 1307ರದ್ದು. ಮೊದಲು ತುದಿಯಲ್ಲಿ ಇದ್ದದ್ದು ಅದೇ. ಹೊಸದು ಬಂದಾಗ ಅದನ್ನು ಪಕ್ಕಕ್ಕೆ ಸರಿಸಿ, ಸುತ್ತ ಇಟ್ಟಿಗೆಯ ಕಟ್ಟಡ ಕಟ್ಟಿದರು. ಕಂಚಿಗೂ ಗೋಡೆಗೂ ನಡುವೆ ಒಬ್ಬರು ಅಡ್ಡವಾಗಿ ನುಸುಳುವಷ್ಟು ಸಂದು. ಕತ್ತಲಲ್ಲಿ ಗೋಡೆ ತಡವುತ್ತಾ ಒಂದು ಸುತ್ತು ಬಂದರೆ ಅದೃಷ್ಟ ತಿರುಗುತ್ತದಂತೆ. ನಮಗೆ ಪ್ರದಕ್ಷಿಣೆ ಹೊಸದೇ? ಮೂರು ಸುತ್ತು ಬಂದೆ. ಹಿಂದಿದ್ದ ಅಜ್ಜಿ ಮೊದಲ ಸುತ್ತಿಗೇ ಗೊಣಗಲು ಶುರು ಮಾಡಿದ್ದರು.

ಹತ್ತುವುದು ಕಾಲಲ್ಲೇ ಇರಲಿ. ಇಳಿಯಲು ಕೇಬಲ್ ಕಾರ್ ಹಿಡಿಯಿರಿ, ಮಂಡಿ ಉಳಿಯುತ್ತದೆ. ಆದರೆ ಅದು ನಿಮ್ಮನ್ನು ಇಳಿಸುವುದು ಚಿಯೋಂಗ್‌ಥಾಯ್ ಎಂಬ ಇನ್ನೊಂದು ಬಸ್ ನಿಲ್ದಾಣದ ಬಳಿ, ನಾನ್‌ಯಾನ್‌ನಲ್ಲಲ್ಲ. ಹಾಗಾಗಿ ಚೀಲವನ್ನು ನಾನ್‌ಯಾನ್‌ನ ರೂಮಿನಲ್ಲಿ ಬಿಟ್ಟು ಹತ್ತಬೇಡಿ. ಬಿಟ್ಟರೆ ಬಸ್ ಬದಲಿಸಿಕೊಂಡು ಮತ್ತೆ ಮೇಲಕ್ಕೆ ಬರಬೇಕಾಗುತ್ತದೆ. ಕೊನೆಯ ಕೇಬಲ್ ಕಾರು ಮತ್ತು ಬಸ್ಸಿನ ಹೊತ್ತನ್ನು ಅಂದೇ ಕೌಂಟರಿನಲ್ಲಿ ಕೇಳಿ, ಋತುವಿಗೆ ತಕ್ಕಂತೆ ಬದಲಾಗುತ್ತದೆ. ಅಕ್ಟೋಬರ್ ಮೊದಲ ವಾರ ಅವರ ರಾಷ್ಟ್ರೀಯ ರಜೆ, ಆ ವಾರ ಯಾವ ಕಾರಣಕ್ಕೂ ಬೇಡ.

ಸಸ್ಯಾಹಾರದ ಬಗ್ಗೆಯೂ ಕೇಳಿದ್ದೀರಿ. "ವೊ ಚಿ ಸು" ಎಂದರೆ ಅರ್ಥ ಮಾಡಿಕೊಳ್ಳುತ್ತಾರೆ, ಗುಡಿಯ ಊರಾದ್ದರಿಂದ ಮುಖ ಸಿಂಡರಿಸುವುದಿಲ್ಲ. ಆದರೂ ನೂಡಲ್ಸಿನ ಸಾರು ಯಾವುದರದ್ದು ಎಂದು ಬೇರೆಯಾಗಿ ಕೇಳಿ. ಮೆಟ್ಟಿಲ ದಾರಿಯಲ್ಲಿ ಸೌತೆಕಾಯಿ ಮಾರುತ್ತಾರೆ, ಉಪ್ಪು ಖಾರ ಹಾಕುವುದಿಲ್ಲ. ಒಂದು ಪೊಟ್ಟಣ ಮನೆಯಿಂದಲೇ ಒಯ್ಯಿರಿ.