ಕಾಂಗ್‌ನ ನೀರಿಲ್ಲದ ಕಾಲುವೆ

ಐರ್ಲೆಂಡಿನ ಮೇಯೋ ಕೌಂಟಿಯ ಕಾಂಗ್ ಹಳ್ಳಿಯಲ್ಲಿ ಒಂದೇ ದಿನವಿದೆ, ಅಲ್ಲಿನ ಆಶ್‌ಫರ್ಡ್ ಕೋಟೆ ಬಿಟ್ಟು ಏನು ನೋಡಬೇಕು ಎಂದು ಕೇಳಿದ್ದೀರಿ. ದಯವಿಟ್ಟು ಮೊದಲು ಅಲ್ಲಿನ ಒಣ ಕಾಲುವೆಯನ್ನು ನೋಡಿ.

ಹಳ್ಳಿಯ ಉತ್ತರಕ್ಕೆ ಮಾಸ್ಕ್ ಸರೋವರ, ದಕ್ಷಿಣಕ್ಕೆ ಕಾರಿಬ್ ಸರೋವರ. ಎರಡನ್ನೂ ಜೋಡಿಸಿದರೆ ದೋಣಿಗಳು ಗಾಲ್ವೇ ಕಡಲವರೆಗೆ ಸಾಗಬಹುದೆಂದು 1848ರಲ್ಲಿ ಅಗೆತ ಶುರುವಾಯಿತು. ಅದು ಆಲೂಗಡ್ಡೆ ಬೆಳೆ ಕೊಳೆತು ಜನ ಹಸಿವಿನಿಂದ ಸಾಯುತ್ತಿದ್ದ ಕಾಲ. ಹೊಟ್ಟೆಗಿಲ್ಲದವರು ಪುಡಿಗಾಸಿನ ಕೂಲಿಗೆ ಬಂಡೆ ಒಡೆದರು. ಆದರೆ ಅಲ್ಲಿನ ನೆಲ ತೂತುತೂತಾದ ಸುಣ್ಣಕಲ್ಲು. ಮಾಸ್ಕ್‌ನ ನೀರು ಮೊದಲಿನಿಂದಲೂ ನೆಲದಡಿಯ ಬಿರುಕುಗಳಲ್ಲೇ ಹರಿದು ಕಾಂಗ್‌ನಲ್ಲಿ ಬುಗ್ಗೆಯಾಗಿ ಏಳುತ್ತದೆ. ಕಾಲುವೆಯಲ್ಲಿ ನೀರು ನಿಲ್ಲುವುದೆಂತು? 1854ರಲ್ಲಿ ಕೆಲಸ ಕೈಬಿಟ್ಟರು. ಕಲ್ಲಿನಿಂದ ಅಂದವಾಗಿ ಕಟ್ಟಿದ ಆ ಕಾಲುವೆ ಬೇಸಿಗೆಯಲ್ಲಿ ಬರಿದಾಗಿ ನಿಂತಿರುತ್ತದೆ. ಅದನ್ನು ನೆನೆದಾಗಲೆಲ್ಲ ನನಗೆ ಆ ಕೂಲಿಗಳ ಕೈಗಳೇ ಕಣ್ಣಮುಂದೆ ಬರುತ್ತವೆ.

ಮಠದ ಅವಶೇಷಗಳು ಹತ್ತಿರದಲ್ಲೇ ಇವೆ. ಐರ್ಲೆಂಡಿನ ಕೊನೆಯ ಮಹಾರಾಜ ರೋರಿ ಓಕಾನರ್ 1198ರಲ್ಲಿ ತೀರಿಕೊಂಡದ್ದು ಅಲ್ಲಿ. ನದಿಯ ಮೇಲೆ ಸನ್ಯಾಸಿಗಳ ಮೀನು ಹಿಡಿಯುವ ಪುಟ್ಟ ಕಲ್ಲುಮನೆಯಿದೆ. ನೆಲದಲ್ಲೇ ಬಲೆ ಇಳಿಸುವ ಕಿಂಡಿ.

ಸಮಯ ಉಳಿದರೆ ಮಾಸ್ಕ್ ದಡದತ್ತ ಹೋಗಿ. 1880ರಲ್ಲಿ ಗೇಣಿದಾರರೂ ಕೂಲಿಗಳೂ ಅಂಗಡಿಯವರೂ ಒಟ್ಟಾಗಿ ದೂರವಿಟ್ಟ ಜಮೀನುದಾರನ ಏಜೆಂಟ್ ಚಾರ್ಲ್ಸ್ ಬಾಯ್ಕಾಟ್ ಇದ್ದದ್ದು ಆ ದಡದಲ್ಲಿ. ನಾವು ಬಹಿಷ್ಕಾರಕ್ಕೆ ಬಳಸುವ ‘ಬಾಯ್ಕಾಟ್’ ಪದ ಅವನ ಹೆಸರೇ.