ಪ್ಯಾನಲ್ ಬದಲಿಸುವ ಮುಂಚೆ ಮೀಟರ್ ಹಿಡಿಯಿರಿ

ಪ್ರಶ್ನೆ: ಟೆಂಪೊ ಟ್ರಾವೆಲರ್‌ನ ಹಿಂದಿನ ಸೀಟು ತೆಗೆಸಿ ಮಂಚ, ಅಡುಗೆ ಕಟ್ಟೆ ಮಾಡಿಸಿದ್ದೇವೆ. ಮೇಲೆ 100 ವ್ಯಾಟಿನ ಸೋಲಾರ್ ಪ್ಯಾನಲ್. ಮಂಚದ ಕೆಳಗೆ ಮನೆಯ ಇನ್ವರ್ಟರ್, ಅದರ 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿ. ಪ್ಯಾನಲ್‌ನಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಚಾರ್ಜ್ ಕಂಟ್ರೋಲರ್ ಮಾತ್ರ ಮುಂದೆ ಡ್ರೈವರ್ ಸೀಟಿನ ಹಿಂದಿದೆ. ಮಧ್ಯಾಹ್ನ ಅದರಲ್ಲಿ 14.4 ವೋಲ್ಟ್ ತೋರಿಸುತ್ತದೆ. ರಾತ್ರಿ ಒಂದು ಫ್ಯಾನು, ಎರಡು ಲೈಟು ಅಷ್ಟೇ, ಆದರೂ ನಡುರಾತ್ರಿಗೇ ಇನ್ವರ್ಟರ್ ಕೂಗಿಕೊಂಡು ಆಫ್ ಆಗುತ್ತದೆ. ಹಾಕಿಕೊಟ್ಟವರು ಪ್ಯಾನಲ್ ವೀಕ್, ಇನ್ನೊಂದು ಹಾಕಿಸಿ ಅನ್ನುತ್ತಾರೆ. ಹಾಕಿಸಬೇಕಾ?
– ಓದುಗರು, ಶಿವಮೊಗ್ಗ

ಉತ್ತರ: ಈಗಲೇ ಬೇಡ. ನಿಮ್ಮ ಪತ್ರದಲ್ಲೇ ಒಂದು ಸುಳಿವಿದೆ. ಕಂಟ್ರೋಲರ್ ಮುಂದೆ, ಬ್ಯಾಟರಿ ಹಿಂದೆ.

ಕಂಟ್ರೋಲರ್ ತೋರಿಸುವ 14.4 ಅದರ ಸ್ವಂತ ಟರ್ಮಿನಲ್‌ನಲ್ಲಿರುವ ವೋಲ್ಟೇಜ್, ಬ್ಯಾಟರಿಯದ್ದಲ್ಲ. ನಡುವಿನ ವೈರ್ 1 ಸ್ಕ್ವೇರ್ ಎಂಎಂ, ಒಂದು ಕಡೆಗೆ ಐದು ಮೀಟರ್ ಅಂತ ಇಟ್ಟುಕೊಳ್ಳಿ, 5 ಆಂಪ್ಸ್ ಹರಿಯುವಾಗ ಹೋಗಿ ಬರುವ ದಾರಿಯಲ್ಲೇ ಸುಮಾರು 0.9 ವೋಲ್ಟ್ ಕಳೆದುಹೋಗುತ್ತದೆ. ಅಂದರೆ ಬ್ಯಾಟರಿಗೆ ಸಿಗುವುದು 13.5. ಕಂಟ್ರೋಲರ್ ಮಾತ್ರ 14.4 ಬಂತು, ಕೆಲಸ ಮುಗಿಯಿತು ಅಂದುಕೊಂಡು ಕರೆಂಟ್ ಕಡಿಮೆ ಮಾಡುತ್ತಾ ಹೋಗುತ್ತದೆ. ಬ್ಯಾಟರಿ ದಿನಾ ಅರೆಹೊಟ್ಟೆ.

ಪರೀಕ್ಷೆ ಸುಲಭ. ಒಳ್ಳೆ ಬಿಸಿಲಲ್ಲಿ ಚಾರ್ಜ್ ಆಗುತ್ತಿರುವಾಗಲೇ ಮಲ್ಟಿಮೀಟರ್‌ನಲ್ಲಿ ಕಂಟ್ರೋಲರ್‌ನ ಬ್ಯಾಟರಿ ಟರ್ಮಿನಲ್ ನೋಡಿ, ಕೂಡಲೇ ಹಿಂದೆ ಹೋಗಿ ಬ್ಯಾಟರಿಯ ಟರ್ಮಿನಲ್ ನೋಡಿ. ಮೀಟರಿನ ಕಡ್ಡಿಯನ್ನು ಥಿಂಬಲ್ (ವೈರಿನ ತುದಿಯ ಲೋಹದ ಬಿಲ್ಲೆ) ಮೇಲೆ ಇಡಬೇಡಿ, ಕೆಳಗಿನ ಸೀಸದ ಮೇಲೇ ಒತ್ತಿ ಹಿಡಿಯಿರಿ, ಎಷ್ಟೋ ಸಲ ಆ ಥಿಂಬಲ್ ಅಡಿಯಲ್ಲಿ ಕೂತ ಬಿಳಿ ಪುಡಿಯೇ ಕಳ್ಳ. ಎರಡರ ನಡುವೆ 0.2 ವೋಲ್ಟ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ವೈರೋ ಜಾಯಿಂಟೋ ಸರಿಯಿಲ್ಲ. ಕಂಟ್ರೋಲರನ್ನು ಬ್ಯಾಟರಿ ಪಕ್ಕಕ್ಕೆ ತಂದು 6 ಸ್ಕ್ವೇರ್ ಎಂಎಂ ವೈರ್ ಹಾಕಿಸಿ, ಬ್ಯಾಟರಿಗೆ ಅಂಟಿದಂತೆ ಒಂದು ಫ್ಯೂಸೂ ಇರಲಿ. ಉದ್ದ ವೈರ್ ಪ್ಯಾನಲ್ ಕಡೆಗೆ ಬಂದರೆ ಅಷ್ಟು ತೊಂದರೆಯಿಲ್ಲ, ಅಲ್ಲಿ ಸುಮಾರು 18 ವೋಲ್ಟ್ ಇರುತ್ತದೆ, ಸ್ವಲ್ಪ ಕಳೆದರೂ ನಡೆಯುತ್ತದೆ. ಬಿಚ್ಚುವಾಗ ಮೊದಲು ಪ್ಯಾನಲ್, ಆಮೇಲೆ ಬ್ಯಾಟರಿ. ಜೋಡಿಸುವಾಗ ಉಲ್ಟಾ.

ಪ್ಯಾನಲ್ ಮೇಲೆ ಇನ್ನೂ ಅನುಮಾನ ಇದ್ದರೆ ಅದನ್ನೂ ನೋಡಿಬಿಡಿ. ಬರೀ ವೋಲ್ಟೇಜ್ ನೋಡಿದರೆ ಏನೂ ಗೊತ್ತಾಗದು, ಮೋಡದಲ್ಲೂ ಅದು 19–20 ತೋರಿಸಿಬಿಡುತ್ತದೆ. ಕಂಟ್ರೋಲರ್‌ನಿಂದ ಬಿಡಿಸಿ, ಮೀಟರನ್ನು 10 ಆಂಪ್ಸ್‌ಗೆ ಇಟ್ಟು, ಕೆಂಪು ಕಡ್ಡಿಯನ್ನೂ 10 ಆಂಪ್ಸ್ ತೂತಿಗೆ ಹಾಕಿ, ಪ್ಯಾನಲ್‌ನ ಎರಡೂ ವೈರಿಗೆ ನೇರವಾಗಿ ಹಿಡಿಯಿರಿ. ಪ್ಯಾನಲ್‌ಗೆ ಇದರಿಂದ ಏನೂ ಆಗುವುದಿಲ್ಲ. ನೆತ್ತಿ ಬಿಸಿಲಲ್ಲಿ 5 ಆಂಪ್ಸ್ ಆಸುಪಾಸು ಬಂದರೆ ಪ್ಯಾನಲ್ ಗಟ್ಟಿಯಾಗಿದೆ. ಮುಗಿದ ಕೂಡಲೇ ಕೆಂಪು ಕಡ್ಡಿಯನ್ನು ವೋಲ್ಟ್ ತೂತಿಗೆ ವಾಪಸ್ ಹಾಕಿ. ಮರೆತು ಹಾಗೇ ಬ್ಯಾಟರಿಗೆ ಹಿಡಿದರೆ ನೇರ ಶಾರ್ಟ್.

ಇಷ್ಟೆಲ್ಲ ಸರಿಮಾಡಿದ ಮೇಲೂ ಲೆಕ್ಕ ಕೂಡಿಬರಬೇಕಲ್ಲ. 5 ಆಂಪ್ಸ್‌ನಂತೆ ಐದು ಗಂಟೆ ಒಳ್ಳೆ ಬಿಸಿಲು ಸಿಕ್ಕರೆ ದಿನಕ್ಕೆ 25 ಎಎಚ್. ನಿಮ್ಮ ಮನೆಯ ಇನ್ವರ್ಟರ್ ಏನೂ ಲೋಡ್ ಇಲ್ಲದಿದ್ದರೂ ಸುಮ್ನೆ ಆನ್ ಇರುವುದಕ್ಕೇ 10–15 ವ್ಯಾಟ್, ಅಂದರೆ ಗಂಟೆಗೆ ಒಂದು ಎಎಚ್ ತಿನ್ನಬಹುದು. ಇಡೀ ದಿನ ಆನ್ ಇಟ್ಟರೆ ಸೂರ್ಯ ಕೊಟ್ಟಿದ್ದು ಅದಕ್ಕೇ ಸರಿಹೋಯ್ತು! ಹಾಗಾಗಿ ಫ್ಯಾನ್, ಲೈಟ್ ಎರಡನ್ನೂ 12 ವೋಲ್ಟಿನವು ಹಾಕಿಸಿ ಬ್ಯಾಟರಿಯಿಂದಲೇ ನೇರ ಕೊಡಿ, ಇನ್ವರ್ಟರ್ ಬೇಕಾದಾಗಷ್ಟೇ ಆನ್ ಮಾಡಿ.

ನೀವು ಕೇಳದ ಒಂದು ಮಾತು. ಟ್ಯೂಬುಲರ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಅದರ ಮೇಲೆ ಮಲಗುತ್ತೀರಿ ಬೇರೆ. ಪೆಟ್ಟಿಗೆಯೊಳಗೆ ಮುಚ್ಚಿಟ್ಟು ಗಾಳಿ ಹೊರಗೆ ಹೋಗಲು ಪೈಪ್ ಕೊಡಿಸಿ, ಕಂಟ್ರೋಲರ್ ಪಕ್ಕದಲ್ಲೇ ಇದ್ದರೂ ಆ ಪೆಟ್ಟಿಗೆಯ ಹೊರಗಿರಲಿ. ಹಳೇ ಬ್ಯಾಟರಿ ತಾನೇ, ಡಿಸ್ಟಿಲ್ಡ್ ವಾಟರ್ ಮಟ್ಟವನ್ನೂ ನೋಡಿ.

ಪ್ರಶ್ನೆ: ವ್ಯಾನಿನ ಕ್ಯಾರಿಯರ್ ಕಂಬಿಯ ನೆರಳು ಪ್ಯಾನಲ್‌ನ ಒಂದು ಮೂಲೆಗೆ ಬೀಳುತ್ತದೆ. ಅಷ್ಟಕ್ಕೇ ಚಾರ್ಜಿಂಗ್ ನಿಂತೇ ಹೋಗುತ್ತದೆಯಲ್ಲ, ಯಾಕೆ?
– ಓದುಗರು, ಮಡಿಕೇರಿ

ಉತ್ತರ: ಪ್ಯಾನಲ್‌ನ 36 ಸೆಲ್‌ಗಳು ಒಂದರ ಹಿಂದೊಂದು ಜೋಡಿಸಿರುತ್ತವೆ. ಒಂದಕ್ಕೆ ನೆರಳು ಬಿದ್ದರೂ ಸಾಲಿನ ಕರೆಂಟೇ ಕಟ್. ನೆರಳು ಬಿದ್ದ ಸೆಲ್‌ಗಳನ್ನು ಬಿಟ್ಟು ಕರೆಂಟಿಗೆ ಅಡ್ಡದಾರಿ ಕೊಡುವ ಬೈಪಾಸ್ ಡಯೋಡ್ ಆ ಅರ್ಧ ಸಾಲನ್ನು ಬದಿಗಿಟ್ಟರೆ ಉಳಿಯುವುದು 9 ವೋಲ್ಟ್ ಅಷ್ಟೇ, ಅದರಿಂದ 12 ವೋಲ್ಟ್ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಕಂಬಿ ತೆಗೆಸಿ ಅಥವಾ ಪ್ಯಾನಲನ್ನು ಅದಕ್ಕಿಂತ ಎತ್ತರಕ್ಕೆ ಏರಿಸಿ. ಮರದಡಿ ನಿಲ್ಲಿಸಿದರೆ ವ್ಯಾನು ತಂಪು, ಬ್ಯಾಟರಿಗೆ ಉಪವಾಸ. ಎರಡೂ ಬೇಕೆಂದರೆ ಉದ್ದ ವೈರಿನ ಮಡಚುವ ಪ್ಯಾನಲ್ ತಂದು ಬಿಸಿಲಲ್ಲಿ ಹರಡಿ.

ಪ್ರಶ್ನೆ: ಲಿಥಿಯಂ ಬ್ಯಾಟರಿ ಹಾಕಿಸಿ ಲಡಾಖ್‌ಗೆ ಹೊರಡುವ ಯೋಚನೆ ಇದೆ. ಏನಾದರೂ ನೋಡಿಕೊಳ್ಳಬೇಕಾ?
– ಓದುಗರು, ಹುಬ್ಬಳ್ಳಿ

ಉತ್ತರ: ಕಂಟ್ರೋಲರ್‌ನಲ್ಲಿ ಬ್ಯಾಟರಿ ಟೈಪ್ ಲಿಥಿಯಂ ಅಂತ ಬದಲಿಸಿ, ಆ ಆಯ್ಕೆಯೇ ಇಲ್ಲದಿದ್ದರೆ ಕಂಟ್ರೋಲರೇ ಬದಲಿಸಿ. ಇನ್ನೊಂದು, ಬ್ಯಾಟರಿ ಸೊನ್ನೆ ಡಿಗ್ರಿಗಿಂತ ತಣ್ಣಗಿದ್ದಾಗ ಲಿಥಿಯಂ ಸೆಲ್‌ಗೆ ಚಾರ್ಜ್ ಕೊಡಬಾರದು, ಒಳಗೇ ಹಾಳಾಗುತ್ತದೆ. ಒಳ್ಳೆ ಬ್ಯಾಟರಿಯ ಬಿಎಂಎಸ್ (ಒಳಗಿನ ಕಾವಲು ಸರ್ಕ್ಯೂಟ್) ತಾನೇ ತಡೆಯುತ್ತದೆ, ಹಾಗಾಗಿ ಎತ್ತರದ ಜಾಗದಲ್ಲಿ ಬೆಳಗ್ಗೆ ಝಗಮಗ ಬಿಸಿಲಿದ್ದೂ ಚಾರ್ಜ್ ಆಗದಿದ್ದರೆ ಗಾಬರಿಯಾಗಿ ವೈರ್ ಕೀಳಬೇಡಿ, ವ್ಯಾನಿನ ಒಳಗೆ ಸ್ವಲ್ಪ ಬೆಚ್ಚಗಾಗಲಿ. ಕೊಳ್ಳುವಾಗಲೇ ಈ ತಡೆ ಇದೆಯಾ ಅಂತ ಕೇಳಿ, ಅಗ್ಗದ ಕೆಲವಕ್ಕೆ ಇರುವುದಿಲ್ಲ.