ಡಿಗ್ರಿ ಇಲ್ಲದೆ ಇಂಗ್ಲಿಷ್ ಟೀಚರ್ ಆಗಿ ವಿದೇಶಕ್ಕೆ ಹೋಗಬಹುದಾ?

ಚಿತ್ತಾಪುರದ ತಂಗಿ, ನಿನ್ನ ನಾಲ್ಕು ಪುಟದ ಪತ್ರ ಬಂತು. ‘ನಿಮ್ಮ ತಂಗಿ’ ಅಂತ ಸಹಿ ಹಾಕಿದ್ದೀಯ, ಅದಕ್ಕೇ ಏಕವಚನದಲ್ಲಿ ಬರೆಯುತ್ತಿದ್ದೇನೆ.

ಉಳಿದ ಓದುಗರಿಗೆ ವಿಷಯ ಇಷ್ಟು. ಈಕೆಯ ಬಿ.ಎ. ಓದು ಎರಡನೇ ವರ್ಷಕ್ಕೆ ನಿಂತಿದೆ. ಒಂದೂವರೆ ವರ್ಷದಿಂದ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಒಂದು ಕೋಚಿಂಗ್ ಸೆಂಟರಿನಲ್ಲಿ ಸ್ಪೋಕನ್ ಇಂಗ್ಲಿಷ್ ಕಲಿಸುತ್ತಿದ್ದಾಳೆ. ಒಬ್ಬ ಏಜೆಂಟ್ ಸಿಕ್ಕಿದ್ದಾನೆ. 120 ಗಂಟೆಯ ಆನ್‌ಲೈನ್ ಟೆಫ್ಲ್ (ಬೇರೆ ಭಾಷೆಯವರಿಗೆ ಇಂಗ್ಲಿಷ್ ಕಲಿಸುವ ತರಬೇತಿ) ಕೋರ್ಸ್ ಮುಗಿಸು, ಡಿಗ್ರಿ ಏನೂ ಬೇಡ, ಟೂರಿಸ್ಟ್ ವೀಸಾದಲ್ಲಿ ವಿಯೆಟ್ನಾಮಿಗೆ ಹೋಗು, ಅಲ್ಲಿಗೆ ಹೋದ ಮೇಲೆ ವರ್ಕ್ ವೀಸಾಗೆ ಬದಲಿಸೋಣ, 1,80,000 ರೂಪಾಯಿ ಕೊಡು ಅಂತಾನೆ. ಅಪ್ಪ ತೊಗರಿ ಮಾರಿದ ದುಡ್ಡು ಕೊಡಲು ತಯಾರಿದ್ದಾರಂತೆ. ಇದು ಕಾನೂನು ಪ್ರಕಾರ ಸರಿಯೇ ಅನ್ನೋದು ಪ್ರಶ್ನೆ.

ಸರಿಯಲ್ಲ. ಹೋಗಲೇಬೇಡ.

ನೀನು ಒಂದು ಕಡೆ ಬರೆದಿದ್ದೀಯ, ‘ನನ್ನ ಇಂಗ್ಲಿಷ್ ಕೇಳಿದರೆ ಡಿಗ್ರಿ ಯಾರೂ ಕೇಳಲ್ಲ’ ಅಂತ. ಶಾಲೆಯವರು ಕೇಳದೇ ಇರಬಹುದು. ಆದರೆ ಡಿಗ್ರಿ ಕೇಳುವವರು ಶಾಲೆಯವರಲ್ಲ, ಪರ್ಮಿಟ್ ಕೊಡುವ ಸರ್ಕಾರ. ವಿಯೆಟ್ನಾಮಿನಲ್ಲಿ ಟೀಚರ್ ಕೆಲಸಕ್ಕೆ ವರ್ಕ್ ಪರ್ಮಿಟ್ ಬೇಕು. ಅದಕ್ಕೆ ಡಿಗ್ರಿ, ಬೋಧನೆಯ ಸರ್ಟಿಫಿಕೇಟ್, ಪೊಲೀಸ್ ಕ್ಲಿಯರೆನ್ಸ್, ಆರೋಗ್ಯ ತಪಾಸಣೆ ಎಲ್ಲ ಇಡಬೇಕು. ಟೆಫ್ಲ್ ಅನ್ನೋದು ಡಿಗ್ರಿ ಜೊತೆಗೆ ಇಡುವ ಕಾಗದ, ಡಿಗ್ರಿ ಬದಲಿಗೆ ಇಡುವುದಲ್ಲ. ಟೂರಿಸ್ಟ್ ವೀಸಾ ಬದಲಿಸಬೇಕಾದರೂ ಕೈಯಲ್ಲಿ ವರ್ಕ್ ಪರ್ಮಿಟ್ ಇರಬೇಕು. ಪರ್ಮಿಟ್ ಬೇಕಾದರೆ ಡಿಗ್ರಿ ಬೇಕು. ಏಜೆಂಟ್ ಹೇಳಿದ ದಾರಿ ಸುತ್ತಿ ಸುತ್ತಿ ಅಲ್ಲಿಗೇ ಬಂತು, ಅಲ್ವಾ?

‘ಹೋದ ವರ್ಷ ಕಳಿಸಿದ ಹುಡುಗ’ ಅಂತ ಅವನು ತೋರಿಸಿದ ವೀಸಾದ ಜೆರಾಕ್ಸ್ ಇಟ್ಟಿದ್ದೀಯಲ್ಲ, ಅದನ್ನು ಬೆಳಕಿಗೆ ಹಿಡಿದು ನೋಡಿದೆ. ವೀಸಾ ನಮೂನೆಯ ಜಾಗದಲ್ಲಿ ‘ಡಿಎಲ್’ ಅಂತ ಎರಡೇ ಅಕ್ಷರ. ನಮಗೆ ಡಿಎಲ್ ಅಂದರೆ ಡ್ರೈವಿಂಗ್ ಲೈಸೆನ್ಸ್, ವಿಯೆಟ್ನಾಮಿನ ವೀಸಾದಲ್ಲಿ ಅದು ಪ್ರವಾಸದ ಗುರುತು. ಆ ಹುಡುಗ ಅಲ್ಲಿ ಕಲಿಸುತ್ತಿದ್ದರೆ ಕದ್ದು ಕಲಿಸುತ್ತಿದ್ದಾನೆ. ಸಿಕ್ಕಿಬಿದ್ದರೆ ದಂಡ, ಗಡೀಪಾರು. ಶಾಲೆಯವರು ಸಂಬಳ ಕೊಡದಿದ್ದರೆ ಯಾರ ಹತ್ತಿರ ಹೋಗಿ ಕೇಳುತ್ತಾನೆ?

ಬೇರೆ ದೇಶಗಳದ್ದೂ ಹೆಚ್ಚುಕಡಿಮೆ ಇದೇ ಕಥೆ. ಚೀನಾ ಡಿಗ್ರಿ ಕೇಳುತ್ತದೆ. ದಕ್ಷಿಣ ಕೊರಿಯಾದಲ್ಲಿ ಭಾಷೆ ಕಲಿಸುವವರಿಗೆ ಕೊಡುವ ಇ-2 ವೀಸಾಕ್ಕೆ ಡಿಗ್ರಿ ಸಾಲದು, ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಸಾಮಾನ್ಯವಾಗಿ ಈ 7 ದೇಶಗಳಲ್ಲಿ ಒಂದರ ಪಾಸ್‌ಪೋರ್ಟ್ ಇರಬೇಕು. ನಮ್ಮಲ್ಲಿ ಎಲ್‌ಕೆಜಿಯಿಂದ ಇಂಗ್ಲಿಷಿನಲ್ಲೇ ಓದಿದವರೂ ಅವರ ಲೆಕ್ಕಕ್ಕೆ ಬರಲ್ಲ. ನನಗಂತೂ ಇದು ಅನ್ಯಾಯ ಅನಿಸುತ್ತದೆ, ಆದರೆ ನಿಯಮ ಇರೋದು ಹಾಗೆ. ಜಪಾನಿನಲ್ಲಿ ಮಾತ್ರ ಒಂದು ಸಣ್ಣ ಕಿಂಡಿ ಇದೆ. ಭಾಷೆ ಕಲಿಸುವ ಕಂಪನಿ ಕೆಲಸಕ್ಕೆ ಡಿಗ್ರಿ ಇಲ್ಲದವರು 3 ವರ್ಷದ ಅನುಭವ ತೋರಿಸಬಹುದು. ನಿನ್ನದು ಒಂದೂವರೆ ವರ್ಷ, ಅದೂ ಸಂಬಳ ಕವರಿನಲ್ಲಿ ಹಾಕಿ ಕೊಡುತ್ತಾರಂತೆ. ಸಂಬಳದ ಚೀಟಿ ಇಲ್ಲದ ಅನುಭವವನ್ನು ಯಾವ ಕಾಗದದಲ್ಲಿ ತೋರಿಸುತ್ತೀ? ಇವತ್ತೇ ಸೆಂಟರಿನವರಿಗೆ ಸಂಬಳ ಬ್ಯಾಂಕಿಗೆ ಹಾಕಿ, ಲೆಟರ್‌ಹೆಡ್ಡಿನಲ್ಲಿ ನೇಮಕದ ಪತ್ರ ಕೊಡಿ ಅಂತ ಕೇಳು.

ಇನ್ನು ಏಜೆಂಟ್ ವಿಷಯ. 1983ರ ವಲಸೆ ಕಾಯ್ದೆ ಪ್ರಕಾರ ವಿದೇಶದ ಕೆಲಸಕ್ಕೆ ಜನ ಕಳಿಸುವವರು ಕೇಂದ್ರ ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕು. ಅವರು ತಗೊಳ್ಳುವ ಸರ್ವಿಸ್ ಚಾರ್ಜ್ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಅದಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ. ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಂದಣಿಯಾದ ಏಜೆಂಟರ ಪಟ್ಟಿ ಇದೆ, ಫೋನಿನಲ್ಲೇ ನೋಡಬಹುದು. ‘ನನ್ನದು ಕನ್ಸಲ್ಟೆನ್ಸಿ, ಲೈಸೆನ್ಸ್ ಬೇಡ’ ಅಂದರೆ ಚಹಾ ಕುಡಿಸಿ ಕಳಿಸಿಬಿಡು. ಸೆಕ್ಯುರಿಟಿ ಕೆಲಸ ಅಂತ ನಂಬಿ ಹೋದ ನಮ್ಮ ಕಲಬುರಗಿಯ ಹುಡುಗರು ರಷ್ಯಾದ ಯುದ್ಧದಲ್ಲಿ ಸಿಕ್ಕಿಬಿದ್ದದ್ದು 2024ರಲ್ಲಿ, ನೀನೂ ಓದಿರುತ್ತೀ. ಟೂರಿಸ್ಟ್ ವೀಸಾದಲ್ಲಿ ಹೋಗಿ ಮ್ಯಾನ್ಮಾರ್, ಕಾಂಬೋಡಿಯಾದ ಆನ್‌ಲೈನ್ ವಂಚನೆಯ ಅಡ್ಡೆಗಳಲ್ಲಿ ಸಿಕ್ಕಿಕೊಂಡವರೂ ಇದ್ದಾರೆ. ಸುಮ್ನೆ ಹೆದರಿಸುತ್ತಿಲ್ಲ.

ನಿನಗೆ ಉಳಿದದ್ದು ಒಂದೇ ವರ್ಷ. ಮೊದಲು ನಿನ್ನ ಕಾಲೇಜಿನ ಆಫೀಸಿಗೆ ಹೋಗಿ ಮರುಪ್ರವೇಶ ಸಿಗುತ್ತಾ ವಿಚಾರಿಸು, ಹಳೇ ಮಾರ್ಕ್ಸ್ ಕಾರ್ಡ್ ಎಲ್ಲ ತಗೊಂಡು ಹೋಗು. ಆಗದಿದ್ದರೆ ಮುಕ್ತ ವಿಶ್ವವಿದ್ಯಾಲಯದ ಪ್ರಾದೇಶಿಕ ಕೇಂದ್ರ ಕಲಬುರಗಿಯಲ್ಲೇ ಇದೆ. ಆದರೆ ದೂರಶಿಕ್ಷಣದ ಡಿಗ್ರಿಯನ್ನು ಎಲ್ಲ ದೇಶಗಳೂ ಒಪ್ಪಲ್ಲ, ಫೀಸು ಕಟ್ಟುವ ಮುಂಚೆ ನಿನಗೆ ಬೇಕಾದ ದೇಶದ ರಾಯಭಾರ ಕಚೇರಿಗೆ ಒಂದು ಮೇಲ್ ಹಾಕು. ಅಲ್ಲಿಯವರೆಗೆ ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಕಲಿಸಬಹುದು, ಅದಕ್ಕೆ ವೀಸಾ ಬೇಡ.

ಏಜೆಂಟನಿಗೆ ಅಡ್ವಾನ್ಸ್ ಏನಾದರೂ ಕೊಟ್ಟಿದ್ದೀಯಾ? ಪತ್ರದಲ್ಲಿ ಆ ಮಾತೇ ಇಲ್ಲ. ಕೊಟ್ಟಿದ್ದರೆ ರಸೀದಿ, ಫೋನ್‌ಪೇ ಸ್ಕ್ರೀನ್‌ಶಾಟ್ ಎಲ್ಲ ಜೋಪಾನ ಮಾಡಿಟ್ಟು ಈ ವಾರವೇ ತಿಳಿಸು.